ಅಪ್ಪನ ದಮ್ಮು ಮತ್ತು ಟ್ರಂಕಿನ ರೈಲು ಪತ್ರಿಕೆಗಳು

ಮಿಲ್ವಾಕೀ,
ಜುಲೈ 14

ಅಕ್ಕನಿಗೆ ನಮಸ್ಕಾರ. ನಾವಿಲ್ಲಿ ಆರಾಮ. ಅಮ್ಮ, ಭಾವ, ಪುಟ್ಟಿ ಎಲ್ಲರೂ ಆರಾಮ ಅಂದುಕೊಂಡಿದ್ದೇನೆ.

ನಿನ್ನ ಮೇಲ್ ರಾತ್ರಿ ನೋಡಿದೆ. ಅಪ್ಪನಿಗೆ ಮತ್ತೆ ದಮ್ಮು ಶುರುವಾಗಿದೆ, ಎದ್ದು ಕೂತೇ ಬೆಳಗು ಮಾಡುತ್ತಾರೆ ಅಂತ ಬರೆದಿದ್ದೀಯ. ನಾಲ್ಕು ಸಾಲು ಬಿಟ್ಟು, ನಾನು ಇಲ್ಲಿಂದ ತಂದ ಹಳೆ ರೈಲು ಪತ್ರಿಕೆಗಳಿಗೆ ಟ್ರಂಕಿನಲ್ಲಿ ಬೂಸ್ಟು ಹಿಡಿದಿದೆ, ಆದರೂ ಅಪ್ಪ ಟ್ರಂಕನ್ನು ಮಂಚದ ಬುಡದಿಂದ ತೆಗೆಯಲು ಬಿಡುತ್ತಿಲ್ಲ ಅಂತ ಬರೆದಿದ್ದೀಯ. ಅಕ್ಕಾ, ಇವೆರಡು ಬೇರೆ ಬೇರೆ ಸುದ್ದಿ ಅಂದುಕೊಳ್ಳಬೇಡ. ಬೂಸ್ಟಿನ ಪುಡಿ ಉಸಿರಿನ ಜೊತೆ ಒಳಗೆ ಹೋದರೆ ದಮ್ಮು ಇರುವವರಿಗೆ ಕೆರಳುತ್ತದೆ. ಇದನ್ನು ಓದುತ್ತಿದ್ದ ಹಾಗೇ ಟ್ರಂಕನ್ನು ಹೊರಗಿನ ಕೊಟ್ಟಿಗೆ ಅಟ್ಟಕ್ಕೆ ಹಾಕಿಸು. ಭಾವ ಹೊರಲಿ. ಮುಚ್ಚಳ ತೆಗೆಯಬಾರದು. ಟ್ರಂಕಿನೊಳಗೆ ಅಮ್ಮ ಹಾಕಿರುವ ನುಸಿಗುಳಿಗೆಯನ್ನು ಆಮೇಲೆ ಎಸೆಯಿರಿ. ಅದು ಬೂಸ್ಟಿಗೆ ಏನೂ ಮಾಡುವುದಿಲ್ಲ, ಆ ಘಾಟು ಅಪ್ಪನ ಎದೆಗೆ ಇನ್ನೊಂದು ಕಾಟ. ಡಾಕ್ಟರ ಹತ್ತಿರ ಹೋದಾಗ ಬೂಸ್ಟಿನ ವಿಷಯ ಬಾಯಿ ಬಿಟ್ಟು ಹೇಳಿ. ಇನ್‌ಹೇಲರ್ ಒಂದು ಹೊತ್ತೂ ತಪ್ಪಬಾರದು.

ಅಮ್ಮ ಹೇಳಿದ ಹಾಗೆ ರದ್ದಿಗೆ ಮಾತ್ರ ಹಾಕಬೇಡಿ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ ಅಂತಲೇ ಬರೆಯುತ್ತಿದ್ದೇನೆ. ಪ್ರಿಂಟ್ ತೆಗೆದು ಭಾವನ ಕೈಗೆ ಕೊಡು.

ಟ್ರಂಕಿನಲ್ಲಿ ಎರಡು ಜಾತಿಯ ಕಾಗದ ಇದೆ, ಎರಡಕ್ಕೂ ಒಂದೇ ಮದ್ದಲ್ಲ. ಒರಟು, ಕಂದು, ಬೆರಳು ದಪ್ಪದವು 'ರೈಲ್‌ರೋಡ್ ಸ್ಟೋರೀಸ್' ಮತ್ತು 'ರೈಲ್‌ರೋಡ್ ಮ್ಯಾಗಜೀನ್'. ಮರವನ್ನು ಹಾಗೇ ಅರೆದು ಮಾಡಿದ ಅಗ್ಗದ ಕಾಗದ ಅದು. ಮರದ ನಾರನ್ನು ಹಿಡಿದಿಡುವ ಲಿಗ್ನಿನ್ ಅನ್ನುವ ಅಂಟು ಒಳಗೇ ಉಳಿದಿರುವುದರಿಂದ ಕಾಲ ಕಳೆದಂತೆ ಹುಳಿ ಏರಿ ಹಪ್ಪಳದ ಹಾಗೆ ಮುರಿಯುತ್ತದೆ. ನುಣುಪಾಗಿ ಹೊಳೆಯುವವು 'ಟ್ರೈನ್ಸ್', 1940ರ ನವೆಂಬರಿನಲ್ಲಿ ಇದೇ ಮಿಲ್ವಾಕೀಯಲ್ಲಿ ಶುರುವಾದದ್ದು. ಆ ಕಾಗದದ ಮೇಲೆ ಜೇಡಿಮಣ್ಣಿನ ಲೇಪ ಇರುತ್ತದೆ. ಒದ್ದೆಯಾಗಿ ಹಾಗೇ ಒಣಗಿದರೆ ಹಾಳೆಗೆ ಹಾಳೆ ಅಂಟಿ ಇಟ್ಟಿಗೆಯಾಗುತ್ತದೆ, ಆಮೇಲೆ ಬಿಡಿಸುವ ದಾರಿಯೇ ಇಲ್ಲ. ಆದ್ದರಿಂದ ಮೊದಲು ಹೊಳೆಯುವ ಕಾಗದದವನ್ನು ನೋಡಿಕೊಳ್ಳಿ.

ಭಾವ ಎನ್95 ಮಾಸ್ಕು, ಕೈಗೆ ಗ್ಲೌಸು ಹಾಕಿಕೊಂಡೇ ಮುಚ್ಚಳ ತೆಗೆಯಲಿ. ಅಪ್ಪ ಆ ದಿಕ್ಕಿಗೂ ಬರಬಾರದು. ಮುಟ್ಟಿದರೆ ತಂಪು ಅನ್ನಿಸುವವು, ಬೂಸ್ಟು ಹತ್ತಿಯಂತೆ ಹಸಿಯಾಗಿರುವವು ಒಂದು ಕಡೆ. ಬೂಸ್ಟು ಒಣಗಿ ಪುಡಿಯಾಗಿರುವವು ಇನ್ನೊಂದು ಕಡೆ. ಹಸಿ ಬೂಸ್ಟನ್ನು ಬಟ್ಟೆಯಿಂದ ಒರೆಸಲೇಬಾರದು, ಒರೆಸಿದರೆ ಕಾಗದದ ನಾರಿನೊಳಗೆ ಇಳಿದು ಕಲೆ ಕೂರುತ್ತದೆ. ಪುನರ್ವಸು ಮಳೆ ಹೊಡೆಯುವಾಗ ಒಣಗಿಸುವ ಮಾತೇ ಇಲ್ಲ. ಹಸಿಯವನ್ನು ಒಂದೊಂದಾಗಿ ಜಿಪ್ ಕವರಿಗೆ ಹಾಕಿ, ಗಾಳಿ ಒತ್ತಿ ತೆಗೆದು, ಮೇಲೆ ಇನ್ನೊಂದು ಕವರ್ ಹಾಕಿ ಫ್ರೀಜರಿನಲ್ಲಿಡಿ. ಚಳಿಗೆ ಬೂಸ್ಟು ಸಾಯುವುದಿಲ್ಲ, ಬೆಳೆಯುವುದು ನಿಲ್ಲುತ್ತದೆ, ಅಷ್ಟೇ. ಆದರೆ ಕಾಗದ ತಿನ್ನುವ ಹುಳ ಇದ್ದರೆ ಸಾಯುತ್ತದೆ. ಕರೆಂಟು ಹೋದಾಗ ಬಾಗಿಲು ತೆಗೆಯಬೇಡಿ. ನವರಾತ್ರಿ ಹೊತ್ತಿಗೆ ಬಿಸಿಲು ಬಂದ ಮೇಲೆ ಹೊರತೆಗೆದು ಕವರ್ ಬಿಚ್ಚದೆ ಒಂದು ದಿನ ಇಡಿ. ತಣ್ಣಗಿರುವಾಗಲೇ ಬಿಚ್ಚಿದರೆ ಹೊರಗಿನ ಪಸೆ ಕಾಗದದ ಮೇಲೆ ಹನಿ ಕಟ್ಟುತ್ತದೆ. ಆಮೇಲೆ ನೆರಳಿನಲ್ಲಿ, ಫ್ಯಾನಿನ ಗಾಳಿಯಲ್ಲಿ ಆರಲಿ. ಅಡಿಕೆ ಹರವಿದ ಹಾಗೆ ಅಂಗಳದ ಬಿಸಿಲಿಗೆ ಹಾಕಬೇಡಿ, ಆ ಕಾಗದಕ್ಕೆ ಬಿಸಿಲು ವಿಷ. ಪೂರ್ತಿ ಒಣಗಿದ ಮೇಲೆ ಹೊರಗೆ, ಗಾಳಿಗೆ ಬೆನ್ನು ಮಾಡಿ ನಿಂತು, ಮೆತ್ತನೆಯ ಬ್ರಷ್ಷಿನಲ್ಲಿ ಬೆನ್ನಿನಿಂದ ಅಂಚಿನ ಕಡೆಗೆ ಹಗುರಾಗಿ ಗುಡಿಸಬೇಕು.

ಈಗಾಗಲೇ ಒಣಗಿರುವವನ್ನು ಟ್ರಂಕಿಗೆ ಮರಳಿ ಹಾಕಬೇಡಿ. ರಬ್ಬರ್ ಅಂಚಿನ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬ ತನ್ನಿ. 30 ಲೀಟರಿನದಾದರೆ ಅರ್ಧ ಕಿಲೋ ಸಿಲಿಕಾ ಜೆಲ್, ಅಂದರೆ ತೇವ ಹೀರುವ ಹರಳು, ಸಾಕು. ಕಿತ್ತಳೆ ಬಣ್ಣದ್ದನ್ನೇ ಕೇಳಿ. ನೀರು ಹೀರಿದರೆ ಹಸಿರಾಗುತ್ತದೆ. ಓವನ್ನಿನಲ್ಲಿ 110 ಡಿಗ್ರಿಗೆ ಎರಡು ಗಂಟೆ ಕಾಯಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಅಡಿಕೆ ಡ್ರೈಯರಿನ ಶಾಖ ಇದಕ್ಕೆ ಸಾಲದು. ತೇವ ತೋರಿಸುವ ಸಣ್ಣ ಮೀಟರೊಂದನ್ನು ಒಳಗಿಡಿ. ಮುಳ್ಳು ಶೇಕಡಾ 40ರಿಂದ 50ರೊಳಗೆ ನಿಲ್ಲಬೇಕು, 65 ದಾಟಿ ನಿಂತಿತೋ, ಬೂಸ್ಟು ಬಂತೆಂದೇ ಲೆಕ್ಕ.

ಹರಿದ ಕಡೆ ಸೆಲೋಟೇಪು ಬೇಡ, ಅದರ ಗೋಂದು ಇಳಿದು ಕಂದು ಕಲೆಯಾಗುತ್ತದೆ. ಮೈದಾ ಅಂಟೂ ಬೇಡ, ಹುಳಕ್ಕೆ ಊಟ ಬಡಿಸಿದ ಹಾಗೆ. ತುಕ್ಕು ಹಿಡಿದ ಪಿನ್ನನ್ನು ಕೀಳಬೇಡಿ. ಅದನ್ನೆಲ್ಲ ನಾನು ಬಂದಾಗ ಮಾಡುತ್ತೇನೆ.

ಅಪ್ಪ ಯಾಕಿಷ್ಟು ಹಟ ಮಾಡುತ್ತಾರೆ ಅಂತ ಅಮ್ಮನಿಗೆ ತಿಳಿಸಿ ಹೇಳು. ರೈಲಿನಲ್ಲಿ ಗಾರ್ಡ್ ಕೆಲಸ ಮಾಡಿದವರಿಗೆ ಆ ಒರಟು ಕಾಗದದ ಪತ್ರಿಕೆ ತಮ್ಮದೇ ಲೋಕ. ಫ್ರಾಂಕ್ ಮನ್ಸಿ ಅನ್ನುವವನು 1906ರ ಅಕ್ಟೋಬರಿನಲ್ಲಿ ಅದನ್ನು ಶುರುಮಾಡಿದ. ಆಗಿನ ಹೆಸರು 'ರೈಲ್‌ರೋಡ್ ಮ್ಯಾನ್ಸ್ ಮ್ಯಾಗಜೀನ್'. 1919ರಲ್ಲಿ ನಿಂತು, 1929ರ ಡಿಸೆಂಬರಿನಲ್ಲಿ ಮತ್ತೆ ಹೊರಟಿತು. 1932ರಲ್ಲಿ 'ಸ್ಟೋರೀಸ್' ಆಯಿತು, 1937ರಲ್ಲಿ 'ರೈಲ್‌ರೋಡ್ ಮ್ಯಾಗಜೀನ್'. ರಟ್ಟು ಹೋದ ಪ್ರತಿ ಸಿಕ್ಕರೆ ಒಳಗಿನ ಹೆಸರು ನೋಡಿಯೇ ಯಾವ ಕಾಲದ್ದೆಂದು ಹೇಳಬಹುದು. ಅದರ ಕಥೆಗಳಲ್ಲಿ ಬರುವ ಕಂಡಕ್ಟರ್ ಟಿಕೆಟ್ ಹರಿಯುವವನು ಮಾತ್ರವಲ್ಲ, ನಮ್ಮ ಗಾರ್ಡಿನ ಹಾಗೆ ಇಡೀ ಗಾಡಿಗೆ ಯಜಮಾನ. ಕಥೆಯ ಗಂಟು ಎಷ್ಟೋ ಸಲ ಒಂದು ಚೀಟಿಯಲ್ಲಿರುತ್ತದೆ, ಗಾಡಿ ಹೇಗೆ ಹೋಗಬೇಕೆಂದು ಬರೆದುಕೊಡುವ ಆರ್ಡರ್ ಅದು. 31ನೇ ನಮೂನೆಯ ಆರ್ಡರ್ ಆದರೆ ಗಾಡಿ ನಿಲ್ಲಿಸಿ ರುಜು ಹಾಕಬೇಕು. 19ನೇ ನಮೂನೆಯದಾದರೆ ಸ್ಟೇಷನ್ನಿನವನು ಬಳೆಗೆ ಸಿಕ್ಕಿಸಿ ಎತ್ತಿ ಹಿಡಿಯುತ್ತಾನೆ, ಓಡುವ ಗಾಡಿಯಿಂದಲೇ ಕೈ ಚಾಚಿ ಹಿಡಿಯಬೇಕು. ನಮ್ಮಲ್ಲಿ ಮುಂದಿನ ಸ್ಟೇಷನ್ನಿನವರೆಗೆ ಹೋಗಲು ಅಪ್ಪಣೆ ಅಂತ ಟೋಕನ್ ಬಳೆ ಕೊಡುತ್ತಿದ್ದರಲ್ಲ, ಹಾಗೇ. ಅವರು 'ಹಾಟ್ ಬಾಕ್ಸ್' ಅನ್ನುವುದು ಅಪ್ಪನ ಬಾಯಲ್ಲಿ ದಿನಾ ಬರುತ್ತಿದ್ದ 'ಹಾಟ್ ಆಕ್ಸಲ್', ಅಂದರೆ ಚಕ್ರದ ಅಚ್ಚಿನ ಬೇರಿಂಗು ಕಾದುಹೋಗುವುದು. ಇದನ್ನೆಲ್ಲ ಯಾರೂ ಬಿಡಿಸಿ ಹೇಳದೆಯೇ ಅರ್ಥವಾಗುವ ಓದುಗರು ಎಷ್ಟು ಮಂದಿ ಉಳಿದಿದ್ದಾರೆ ಹೇಳು?

ಇಲ್ಲಿಯವರು ಹಳೆ ಪತ್ರಿಕೆ ಕೊಳ್ಳುವ ಮೊದಲು ಮೂಸಿ ನೋಡುತ್ತಾರೆ. ಪುಟ್ಟಿಗೆ ಹೇಳಿದರೆ ನಗುತ್ತಾಳೆ, ಆದರೆ ಅದೇ ಸರಿಯಾದ ಪರೀಕ್ಷೆ. ಸಿಹಿ ವಾಸನೆ ಬಂದರೆ ಬರೀ ಹಳತು, ಮಳೆಗಾಲದ ಅಟ್ಟದ ವಾಸನೆ ಬಂದರೆ ಬೂಸ್ಟು, ಎಷ್ಟು ಅಗ್ಗವಾದರೂ ವಾಪಸ್ಸು ಇಡುತ್ತಾರೆ. ಆಮೇಲೆ ಜಾಹೀರಾತಿನ ಕೂಪನ್ ಕತ್ತರಿಸಿದ್ದಾರಾ ನೋಡುತ್ತಾರೆ. ಕತ್ತರಿಸಿದ್ದರೆ ಬೆನ್ನ ಹಿಂದಿನ ಕಥೆಗೂ ಕಿಟಕಿ ಬಿದ್ದಿರುತ್ತದೆ. ನಾನು ತಂದವೆಲ್ಲ ಹಾಗೆ ನೋಡಿಯೇ ತಂದವು, ತರುವಾಗ ಬೂಸ್ಟು ಇರಲಿಲ್ಲ. ನೀವು ಮಾತ್ರ ಈಗ ಮೂಸಬೇಡಿ!

ಅಪ್ಪನಿಗೆ ಓದಲು ಇಲ್ಲ ಅನ್ನುವ ಹಾಗಾಗಬಾರದು. ನನ್ನ ಹತ್ತಿರವಿರುವ ಪ್ರತಿಗಳಿಂದ ಹನ್ನೆರಡು ಕಥೆ ಸ್ಕ್ಯಾನ್ ಮಾಡಿ ಕಳಿಸಿದ್ದೇನೆ. ಪೇಟೆಯಲ್ಲಿ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಿಸು. ಹೊಸ ಕಾಗದ, ಧೂಳಿಲ್ಲ, ಮಂಚದ ಮೇಲೇ ಇಟ್ಟುಕೊಳ್ಳಲಿ. ಟ್ರಂಕು ಎಲ್ಲೂ ಹೋಗುವುದಿಲ್ಲ ಅಂತ ನನ್ನ ಹೆಸರು ಹೇಳಿ ಮಾತು ಕೊಡು.

ನೀನು ಗಾಬರಿಯಾಗಬೇಡ. ಏನೂ ಆಗುವುದಿಲ್ಲ, ಖಂಡಿತ ಏನೂ ಆಗುವುದಿಲ್ಲ. ಕೋಣೆ ಒಮ್ಮೆ ಚೊಕ್ಕಟವಾದರೆ ಅಪ್ಪನಿಗೆ ನಿದ್ದೆ ಹತ್ತುತ್ತದೆ. ಡಾಕ್ಟರ ಖರ್ಚಿನ ಚಿಂತೆ ಬೇಡವೇ ಬೇಡ, ನಾಳೆಯೇ ದುಡ್ಡು ಹಾಕುತ್ತೇನೆ. ಆದರೆ ಕೂತಲ್ಲೇ ಉಬ್ಬಸ ಜಾಸ್ತಿಯಾದರೆ, ಮಾತು ಆಡಲು ಕಷ್ಟವಾದರೆ, ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೊರಡಿ. ನನಗೆ ಎಷ್ಟು ಹೊತ್ತಿಗಾದರೂ ಫೋನ್ ಮಾಡು.

ಕೆಲಸಕ್ಕೆ ಹೊತ್ತಾಯಿತು. ಭಾನುವಾರ ಮಾತಾಡುತ್ತೇನೆ. ಟ್ರಂಕು ಹೊರಗೆ ಹೋಯಿತು ಅಂತ ಒಂದು ಸಾಲು ಇವತ್ತೇ ಬರೆ.

ನಿನ್ನ ತಮ್ಮ