ಬೇಸಿಗೆಯ ಗೂಡುಗಳಿಗೂ ಒಂದು ಕ್ಯಾಲೆಂಡರ್ ಬೇಕು: ಅರಣ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಅರಣ್ಯ, ಜೀವಿಶಾಸ್ತ್ರ ಮತ್ತು ಪರಿಸರ ಸಚಿವರೇ,

ನಮಸ್ಕಾರ.

ಕರ್ನಾಟಕದಲ್ಲಿ ಹಕ್ಕಿ ಅಂದ ಕೂಡಲೇ ಎಲ್ಲರಿಗೂ ಚಳಿಗಾಲವೇ ನೆನಪಾಗುತ್ತದೆ. ಇಲಾಖೆಯ ಹಕ್ಕಿ ಹಬ್ಬ ಚಳಿಗಾಲದಲ್ಲಿ. ನೀರುಹಕ್ಕಿಗಳ ಗಣತಿ ಜನವರಿಯಲ್ಲಿ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತು ಇಳಿದರೆ ಪತ್ರಿಕೆಗಳಲ್ಲಿ ಫೋಟೊ ಬರುತ್ತದೆ. ಸಂತೋಷವೇ. ಆದರೆ ಆ ಹೆಬ್ಬಾತುಗಳು ಬಿಸಿಲು ಏರುವ ಹೊತ್ತಿಗೆ ಹಿಮಾಲಯ ದಾಟಿ ವಾಪಸ್ ಹೋಗುತ್ತವೆ. ಮೊಟ್ಟೆ ಇಡುವುದು ಟಿಬೆಟ್, ಮಂಗೋಲಿಯಾ ಕಡೆ. ನಮ್ಮ ನದಿ, ಕೆರೆ, ಬಯಲಿನಲ್ಲೇ ಮರಿ ಮಾಡುವ ಎಷ್ಟೋ ಹಕ್ಕಿಗಳ ಕೆಲಸ ಜೋರಾಗುವುದು ಅವು ಹೋದ ಮೇಲೆ. ಆ ಹೊತ್ತಿಗೆ ಕ್ಯಾಮೆರಾಗಳೂ ಮನೆ ಸೇರಿರುತ್ತವೆ, ಅಧಿಕಾರಿಗಳ ಗಮನವೂ ಕಾಡಿನ ಬೆಂಕಿಯ ಕಡೆ ಹೋಗಿರುತ್ತದೆ.

ಭದ್ರಾ ಜಲಾಶಯದಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ನಾನು ಆ ಕಡೆಯವನು. ಲಕ್ಕವಳ್ಳಿಯ ಅಣೆಕಟ್ಟಿನ ಪೂರ್ಣ ಮಟ್ಟ 186 ಅಡಿ. ಶಿವಮೊಗ್ಗ, ದಾವಣಗೆರೆಯ ಅಚ್ಚುಕಟ್ಟು ರೈತರು ಬೆಳಿಗ್ಗೆ ಎದ್ದು ಮೊದಲು ಕೇಳುವುದೇ ಇವತ್ತು ಡ್ಯಾಂ ಎಷ್ಟಿದೆ ಅಂತ. ಬೇಸಿಗೆ ಬೆಳೆಗೆ ನಾಲೆಗೆ ನೀರು ಬಿಟ್ಟ ಹಾಗೆ ಹಿನ್ನೀರು ಇಳಿಯುತ್ತದೆ. ಮುಳುಗಿದ್ದ ದಿಬ್ಬಗಳು ನಡುಗಡ್ಡೆಗಳಾಗಿ ಮೇಲೆ ಬರುತ್ತವೆ. ಮರವಿಲ್ಲ, ನೆರಳಿಲ್ಲ, ಬರೀ ಮಣ್ಣು ಮತ್ತು ಹರಳುಕಲ್ಲು. ನದಿ ರೀವ (ರಿವರ್ ಟರ್ನ್) ಹಕ್ಕಿಗಳಿಗೆ ಬೇಕಾಗಿರುವುದೂ ಅದೇ ಜಾಗ. ಸುತ್ತ ನೀರಿದ್ದರೆ ನರಿ, ನಾಯಿಗಳ ಕಾಟ ಕಡಿಮೆ. ಸಾವಿರಗಟ್ಟಲೆ ರೀವಗಳು ಇಲ್ಲಿ ಗೂಡು ಮಾಡಲು ಸೇರುತ್ತವೆ. ಇವು ಜಗತ್ತಿನ ಅಪಾಯದಲ್ಲಿರುವ ಹಕ್ಕಿಗಳ ಪಟ್ಟಿಯಲ್ಲಿವೆ. ಬೇರೆ ಎಷ್ಟೋ ನದಿಗಳಲ್ಲಿ ಮರಳು ದಿಬ್ಬಗಳೇ ಇಲ್ಲವಾಗಿ ಇವುಗಳ ಸಂಖ್ಯೆ ಕುಸಿದಿದೆ. ಹಾಗಾಗಿ ಭದ್ರಾ ಹಿನ್ನೀರಿನ ಈ ಗುಂಪು ನಮ್ಮ ತಾಲ್ಲೂಕಿನ ವಿಷಯ ಮಾತ್ರ ಅಲ್ಲ.

ಗೂಡು ಅಂದೆ, ಆದರೆ ಅಲ್ಲಿ ಗೂಡು ಕಟ್ಟಿರುವುದೇ ಇಲ್ಲ. ನೆಲ ಕೆರೆದ ಒಂದು ಸಣ್ಣ ಗುಳಿ, ಅದರಲ್ಲಿ ಎರಡೋ ಮೂರೋ ಮೊಟ್ಟೆ. ಬೂದು ಬಣ್ಣ, ಮೇಲೆ ಕಂದು ಚುಕ್ಕೆ. ಪಕ್ಕದ ಕಲ್ಲಿಗೂ ಮೊಟ್ಟೆಗೂ ವ್ಯತ್ಯಾಸ ಗೊತ್ತಾಗಬೇಕಾದರೆ ಕೂತು ನೋಡಬೇಕು. ಮಧ್ಯಾಹ್ನದ ಬಿಸಿಲಲ್ಲಿ ಹಕ್ಕಿ ಕಾವು ಕೊಡುವುದಿಲ್ಲ, ನೆರಳು ಕೊಡುತ್ತದೆ. ಹಳದಿ ಕೊಕ್ಕು ತೆರೆದು ಏದುಸಿರು ಬಿಡುತ್ತಾ, ರೆಕ್ಕೆ ಸ್ವಲ್ಪ ಸಡಿಲಿಸಿ, ಮೊಟ್ಟೆಯ ಮೇಲೆ ಸುಮ್ನೆ ನಿಂತಿರುತ್ತದೆ. ದೋಣಿಯೊಂದು ದಡದ ಹತ್ತಿರ ಬಂತು ಅನ್ನಿ, ಅಲ್ಲಿರುವ ಹಕ್ಕಿಗಳೆಲ್ಲ ಒಟ್ಟಿಗೆ ಕೂಗುತ್ತಾ ಮೇಲೇಳುತ್ತವೆ. ದೋಣಿಯಲ್ಲಿದ್ದವರಿಗೆ ಅದು ಒಳ್ಳೆ ಫೋಟೊ. ಕೆಳಗೆ ಮೊಟ್ಟೆಗಳು ಸುಡುವ ಕಲ್ಲಿನ ಮೇಲೆ ಬಿಸಿಲಿಗೆ ಬಿದ್ದಿರುತ್ತವೆ. ಸ್ವಲ್ಪ ಹೊತ್ತು ಹಾಗೇ ಬಿಟ್ಟರೆ ಒಳಗಿನ ಮರಿ ಸಾಯುತ್ತದೆ.

ಇನ್ನೊಂದು ಅಪಾಯ ನೀರಿನದೇ. ಮೊಟ್ಟೆ ಒಡೆಯಲು ಸುಮಾರು ಮೂರು ವಾರ, ಮರಿ ಹಾರಲು ಮತ್ತೆ ಕೆಲವು ವಾರ ಬೇಕು. ಅಷ್ಟರೊಳಗೆ ನೀರು ಏರಿದರೆ ತಗ್ಗಿನ ಗುಳಿಗಳು ಮುಳುಗುತ್ತವೆ. ಮುಂಗಾರು ಬೇಗ ಬಂದರೆ ಅದು ಪ್ರಕೃತಿ, ಯಾರನ್ನೂ ದೂರುವಂತಿಲ್ಲ. ಆದರೆ ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ತುಂಗೆಯಿಂದ 17.40 ಟಿಎಂಸಿ ಅಡಿ ನೀರನ್ನು ಎತ್ತಿ ಭದ್ರೆಗೆ ತುಂಬಿಸಬೇಕೆಂದಿದೆ. ಚಿತ್ರದುರ್ಗದ ಬರದ ಊರುಗಳಿಗೆ ಆ ನೀರು ಬೇಕು, ನಾನು ಅದಕ್ಕೆ ವಿರೋಧ ಹೇಳುತ್ತಿಲ್ಲ. ಪಂಪ್ ಯಾವ ವಾರ ಶುರುವಾಗಬೇಕು ಅನ್ನುವುದು ಮಾತ್ರ ಮನುಷ್ಯರು ಕೂತು ಮಾಡುವ ತೀರ್ಮಾನ. ಕೊನೆಯ ಮರಿಗಳು ಹಾರುವವರೆಗೆ ಕೆಲವು ದಿನ ತಡೆಯಬಹುದೇ ಎಂದು ಕೇಳುವವರು ಆ ಸಭೆಯಲ್ಲಿ ಒಬ್ಬರಾದರೂ ಇರಬೇಕು. ಹುಲಿ ಸಂರಕ್ಷಿತ ಪ್ರದೇಶದ ಪಕ್ಕದ ನೀರು ಅದು. ಕೇಳಬೇಕಾದವರು ತಮ್ಮ ಇಲಾಖೆಯವರೇ ಅಲ್ವಾ?

ಕಾವೇರಿ ಕಡೆ ಬನ್ನಿ. ಶ್ರೀರಂಗಪಟ್ಟಣದ ಹತ್ತಿರ ನಗುವನಹಳ್ಳಿಯ ನದಿ ದಂಡೆಯಲ್ಲಿ ಬೇಸಿಗೆ ಬಂತೆಂದರೆ ನೀಲಿ ಬಾಲದ ಕಳ್ಳಿಪೀರಗಳು ಮಣ್ಣು ಕೊರೆಯುತ್ತವೆ. ಗಿಣಿಗಿಂತ ಚಿಕ್ಕ ಹಕ್ಕಿ. ಹಸಿರು ಮೈ, ಕಂದು ಗಂಟಲು, ಕಣ್ಣಿಗೆ ಕಪ್ಪು ಪಟ್ಟಿ. ಇಷ್ಟು ಸಣ್ಣ ಹಕ್ಕಿ ಕೊಕ್ಕಿನಲ್ಲಿ ಮಣ್ಣು ಅಗೆದು, ಕಾಲಿನಲ್ಲಿ ಹಿಂದಕ್ಕೆ ಚಿಮ್ಮಿ, ಒಂದು ಮೀಟರಿಗೂ ಉದ್ದದ ಸುರಂಗ ಮಾಡುತ್ತದೆ. ಅದರ ತುದಿಯಲ್ಲಿ ಮೊಟ್ಟೆ. ಮರಿ ಬಂದ ಮೇಲೆ ಏರೋಪ್ಲೇನ್ ಚಿಟ್ಟೆ, ಜೇನು ಹಿಡಿದು ತಂದು, ಕೊಂಬೆಗೆ ಬಡಿದು, ಆಮೇಲೆ ಒಳಗೆ ನುಗ್ಗುತ್ತದೆ. ಮೈಸೂರಿನ ಹಕ್ಕಿ ವೀಕ್ಷಕರು ಈ ಜಾಗಕ್ಕಾಗಿ ವರ್ಷಗಳಿಂದ ಓಡಾಡಿದ್ದಾರೆ. ದಕ್ಷಿಣ ಭಾರತದಲ್ಲಿ ಇವು ಹೀಗೆ ಗುಂಪಾಗಿ ಗೂಡು ಮಾಡುವ ಜಾಗಗಳು ಜಾಸ್ತಿ ಇಲ್ಲ. ಇಂಥ ದಂಡೆಗೆ ಮಣ್ಣು ತೆಗೆಯಲು ಒಂದು ಜೆಸಿಬಿ ಬಂದರೆ ಆ ವರ್ಷದ ಮರಿಗಳೆಲ್ಲ ಒಂದೇ ಬೆಳಿಗ್ಗೆ ಮುಗಿದವು.

ಕೆರೆಗಳ ಕಥೆಯೂ ಇದೇ. ಹೂಳೆತ್ತುವುದು, ಗೋಡು ಹೊಡೆಯುವುದು ಬೇಸಿಗೆಯಲ್ಲೇ ಆಗಬೇಕು, ಬೇರೆ ಕಾಲದಲ್ಲಿ ಆಗುವುದಿಲ್ಲ. ಅದು ಗೊತ್ತಿದೆ. ಆದರೆ ಅದೇ ಒಣಗಿದ ಅಂಗಳದಲ್ಲಿ ಟಿಟ್ಟಿಭ, ಮೆಟ್ಟುಗಾಲು ಹಕ್ಕಿಗಳು ಮೊಟ್ಟೆ ಇಟ್ಟಿರುತ್ತವೆ. ಒಂದು ಮೂಲೆಯನ್ನು ಜೂನ್ ತನಕ ಮುಟ್ಟದೆ ಬಿಟ್ಟು ಉಳಿದ ಕಡೆ ಕೆಲಸ ಮಾಡಿದರೆ ಕೆಲಸವೂ ನಿಲ್ಲುವುದಿಲ್ಲ, ಮರಿಗಳೂ ಉಳಿಯುತ್ತವೆ.

ಸಿರುಗುಪ್ಪದ ಎರೆ ಹೊಲಗಳ ವಿಷಯ ಇನ್ನೂ ಸೂಕ್ಷ್ಮ. ದೊರವಾಯನ ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್) ರಾಜ್ಯದಲ್ಲಿ ಬೆರಳೆಣಿಕೆಯಷ್ಟೇ ಉಳಿದಿದೆ. ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಟ್ಟೆ, ಅದೂ ಬಯಲು ನೆಲದಲ್ಲಿ. ಅಲ್ಲಿ ಹಕ್ಕಿ ಕಂಡ ಜಾಗವನ್ನು ಯಾರೂ ಜಗಜ್ಜಾಹೀರು ಮಾಡಬಾರದು. ಆದರೆ ಆ ಹೊಲದ ರೈತನಿಗೆ, ಟ್ರ್ಯಾಕ್ಟರ್ ಹೊಡೆಯುವವನಿಗೆ ಮೊದಲೇ ಗೊತ್ತಿರಬೇಕು. ಉಳುಮೆ ತಡ ಮಾಡಿದ್ದಕ್ಕೆ ಅವರಿಗೆ ಹಣವೂ ಸಿಗಬೇಕು.

ಹಣ ಅಂದೆ. ಅದು ಆಗದ ಮಾತಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳ ಮೇಲೇ ಮರಿ ಮಾಡುತ್ತವೆ. ಹುಣಸೆ ಫಸಲು ಕಳೆದುಕೊಳ್ಳುವ ಮರದ ಮಾಲೀಕರಿಗೆ ತಮ್ಮದೇ ಇಲಾಖೆ ಪರಿಹಾರ ಕೊಡುತ್ತಾ ಬಂದಿದೆ. ಗೂಡಿನಿಂದ ಬಿದ್ದ ಮರಿಗಳನ್ನು ಊರಿನ ಹೆಜ್ಜಾರ್ಲೆ ಬಳಗದವರು ಮೀನು ತಿನ್ನಿಸಿ ಸಾಕಿದ್ದಾರೆ. 2007ರಲ್ಲಿ ಆ ಊರು ಸಮುದಾಯ ಮೀಸಲು ಪ್ರದೇಶವಾಯಿತು. ಕಾಡಿನ ಬೇಲಿಯ ಆಚೆಗೂ ಹಕ್ಕಿ ಉಳಿಸಬಹುದು ಎಂದು ಇಲಾಖೆಯೇ ಮಾಡಿ ತೋರಿಸಿದೆ. ಅದನ್ನು ಮರದಿಂದ ನೆಲಕ್ಕೆ, ದಂಡೆಗೆ, ನಡುಗಡ್ಡೆಗೆ ಇಳಿಸಬೇಕು ಅಷ್ಟೇ.

ಹಾಗಾಗಿ ತಮ್ಮಲ್ಲಿ ಕೇಳುವುದು ಇದನ್ನೇ. ಫೆಬ್ರವರಿಯಿಂದ ಜೂನ್‌ವರೆಗೆ ರಾಜ್ಯದಲ್ಲಿ ಯಾವ ಹಕ್ಕಿ ಎಲ್ಲಿ, ಯಾವ ವಾರ ಗೂಡು ಮಾಡುತ್ತದೆ ಎನ್ನುವ ಕ್ಯಾಲೆಂಡರ್ ಒಂದನ್ನು ಇಲಾಖೆ ತಯಾರಿಸಲಿ. ಮಾಹಿತಿಗೆ ಬರವಿಲ್ಲ. ಸಾವಿರಾರು ಜನ ಹವ್ಯಾಸಿಗಳು ತಾವು ಕಂಡ ಹಕ್ಕಿಗಳನ್ನು ಇ-ಬರ್ಡ್ ಜಾಲತಾಣದಲ್ಲಿ ವರ್ಷವಿಡೀ ಬರೆಯುತ್ತಾರೆ, ಜಗತ್ತಿನಾದ್ಯಂತ ಹಕ್ಕಿ ಎಣಿಸುವ ಮೇ ತಿಂಗಳ ಗ್ಲೋಬಲ್ ಬಿಗ್ ಡೇ ದಿನ ಆ ಬಿಸಿಲಲ್ಲೂ ಹೊರಗಿರುತ್ತಾರೆ. ಅರಣ್ಯ ವೀಕ್ಷಕರಿಗೆ, ಮೀನುಗಾರರಿಗೆ ಇನ್ನೂ ಜಾಸ್ತಿ ಗೊತ್ತು. ಅವರನ್ನು ಕೇಳಿದವರಿಲ್ಲ, ಅಷ್ಟೇ. ಆ ಕ್ಯಾಲೆಂಡರ್ ತಮ್ಮ ಕಚೇರಿಯ ಕಪಾಟಿನಲ್ಲಿ ಉಳಿದರೆ ಉಪಯೋಗವಿಲ್ಲ. ಜಲಸಂಪನ್ಮೂಲ, ಗಣಿ, ಸಣ್ಣ ನೀರಾವರಿ ಇಲಾಖೆಗಳಿಗೂ ಗ್ರಾಮ ಪಂಚಾಯಿತಿಗಳಿಗೂ ಹೋಗಬೇಕು. ಮಣ್ಣಿಗೆ, ಮರಳಿಗೆ, ಹೂಳಿಗೆ ಅನುಮತಿ ಕೊಡುವ ಮೊದಲು ಅದನ್ನು ನೋಡಲೇಬೇಕು ಎಂದು ಆದೇಶ ಆಗಬೇಕು. ನೀರಾವರಿ ಸಲಹಾ ಸಮಿತಿಯ ಸಭೆಗೆ ತಮ್ಮ ಡಿಸಿಎಫ್ (ಉಪ ಅರಣ್ಯ ಸಂರಕ್ಷಣಾಧಿಕಾರಿ) ಒಬ್ಬರು ಅದನ್ನು ಹಿಡಿದು ಹೋಗಬೇಕು. ರೀವಗಳ ನಡುಗಡ್ಡೆಗೆ ಯಾವ ದೋಣಿಯೂ, ಅದು ಯಾರದೇ ಆಗಲಿ, ಹತ್ತಿರ ಹೋಗದ ಹಾಗೆ ತೇಲುಗುರುತು ಹಾಕಿಸಬೇಕು. ಇದಕ್ಕೆ ಹೊಸ ಕಾನೂನು ಬೇಡ, ದೊಡ್ಡ ಬಜೆಟ್ಟೂ ಬೇಡ.

ಈ ಕೆಲಸ ಜನವರಿಯೊಳಗೆ ಶುರುವಾಗಬೇಕು. ಬೇಸಿಗೆ ಬೆಳೆಗೆ ನೀರು ಬಿಡುವ ಸಭೆ ಸಾಮಾನ್ಯವಾಗಿ ಆ ಹೊತ್ತಿಗೆ ನಡೆಯುತ್ತದೆ. ರೀವಗಳು ಅದಾದ ಕೆಲವೇ ವಾರಗಳಲ್ಲಿ ನೆಲ ಕೆರೆಯಲು ತೊಡಗುತ್ತವೆ. ತಮ್ಮ ಉತ್ತರಕ್ಕೆ ಕಾಯುತ್ತಿರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ತರೀಕೆರೆ ತಾಲ್ಲೂಕಿನ ಒಬ್ಬ ಹಕ್ಕಿ ವೀಕ್ಷಕ