ಗ್ರೀನ್ ಟೀ ಕುಡಿಯಿರಿ, ಬಿಪಿ ಮಾತ್ರೆ ಮಾತ್ರ ಬಿಡಬೇಡಿ

ಮಾನ್ಯರೇ,

ಟೆನ್ಷನ್‌ಗೂ ಬಿಪಿಗೂ ಗ್ರೀನ್ ಟೀ ಒಳ್ಳೆಯದು ಅಂತ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬರಹ ಓದಿದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಎಷ್ಟು ಕುಡಿದರೆ ಎಷ್ಟು ಲಾಭ ಅನ್ನೋದು ಎಲ್ಲೂ ಇರಲಿಲ್ಲ. ಮೆಡಿಕಲ್ ಶಾಪ್‌ನಲ್ಲಿ ದಿನವಿಡೀ ಕೂರುವವನು ನಾನು. ಇಂಥ ಬರಹ ಬಂದ ಮೇಲೆ ಜನ ಏನು ಕೇಳಿಕೊಂಡು ಬರುತ್ತಾರೆ ಅಂತ ಗೊತ್ತಿರೋದರಿಂದ ಬರೆಯುತ್ತಿದ್ದೇನೆ.

ಟೀ ಎಲೆಯಲ್ಲಿ ಥಿಯನೈನ್ ಅನ್ನೋ ಅಮೈನೋ ಆಮ್ಲ ಇದೆ. 1949-50ರ ಹೊತ್ತಿಗೆ ಜಪಾನಿನವರು ಗ್ಯೊಕುರೊ ಎಂಬ ಗ್ರೀನ್ ಟೀಯಿಂದ ಅದನ್ನು ಬೇರ್ಪಡಿಸಿದರು. ಇದು ಗಿಡದ ಬೇರಿನಲ್ಲಿ ತಯಾರಾಗಿ ಎಲೆಗೆ ಏರುತ್ತದೆ, ಬಿಸಿಲು ಜಾಸ್ತಿ ಬಿದ್ದರೆ ಕಡಿಮೆಯಾಗಿ ಅದರ ಜಾಗದಲ್ಲಿ ಕ್ಯಾಟೆಚಿನ್ ಎಂಬ ಒಗರಿನ ಅಂಶಗಳು ಹೆಚ್ಚುತ್ತವೆ, ಹಾಗಾಗಿ ಅಲ್ಲಿನ ಬೆಳೆಗಾರರು ಗ್ಯೊಕುರೊ ತೋಟಕ್ಕೆ ಕೊಯ್ಲಿನ ಸುಮಾರು ಮೂರು ವಾರ ಮೊದಲೇ ನೆರಳು ಕಟ್ಟಿಬಿಡುತ್ತಾರೆ. ಥಿಯನೈನ್ ಮೆದುಳಿಗೂ ತಲುಪುತ್ತದೆ. ನಿದ್ದೆ ಬರಿಸದೆ ಮನಸ್ಸನ್ನು ಹಗುರ ಮಾಡುತ್ತದೆ. 2007ರಲ್ಲಿ ಜಪಾನಿನಲ್ಲಿ ಕೆಲವರಿಗೆ ಇದನ್ನು ಕೊಟ್ಟು, ಬಾಯಿಲೆಕ್ಕ ಮಾಡಿಸಿ ನೋಡಿದಾಗ, ಒತ್ತಡದಲ್ಲಿ ಎದೆಬಡಿತ ಏರುವುದು ಕಡಿಮೆಯಾಗಿತ್ತು. 2012ರ ಇನ್ನೊಂದು ಪರೀಕ್ಷೆಯಲ್ಲಿ, ಟೆನ್ಷನ್ ಆದಾಗ ಬಿಪಿ ಜಾಸ್ತಿ ಏರುವವರಿಗೆ ಆ ಏರಿಕೆಯೂ ತಗ್ಗಿತ್ತು.

ಆದರೆ ಅವರು ಕೊಟ್ಟಿದ್ದು 200 ಮಿ.ಗ್ರಾಂ. ನಾವು ಬಿಸಿನೀರಿಗೆ ಅದ್ದುವ ಸಾಮಾನ್ಯ ಟೀ ಬ್ಯಾಗ್‌ನ ಒಂದು ಕಪ್‌ನಲ್ಲಿ 10ರಿಂದ 20 ಮಿ.ಗ್ರಾಂ ಸಿಕ್ಕರೆ ದೊಡ್ಡದು. ಲೆಕ್ಕ ನೀವೇ ಹಾಕಿ.

ಬಿಪಿ ವಿಷಯವೂ ಅಷ್ಟೇ. ಕ್ಯಾಟೆಚಿನ್‌ಗಳಲ್ಲಿ ಮುಖ್ಯವಾದ ಇಜಿಸಿಜಿ, ರಕ್ತನಾಳದ ಒಳಪದರದಲ್ಲಿ ನೈಟ್ರಿಕ್ ಆಕ್ಸೈಡ್ ಹೆಚ್ಚಿಸಿ ನಾಳವನ್ನು ಸಡಿಲ ಮಾಡುತ್ತದೆ. ಇದು ನಿಜ. ಹಲವಾರು ಪರೀಕ್ಷೆಗಳನ್ನು ಒಟ್ಟು ಸೇರಿಸಿ ನೋಡಿದರೆ ಮೇಲಿನ ಬಿಪಿ ಇಳಿದಿದ್ದು ಸರಾಸರಿ 2 ಪಾಯಿಂಟ್. ಅಂದರೆ 160 ಇದ್ದವರಿಗೆ 158. ದಿನದ ಉಪ್ಪಿನಲ್ಲಿ 4-5 ಗ್ರಾಂ ಕಡಿಮೆ ಮಾಡಿದರೆ ಬಿಪಿ ಇರುವವರಲ್ಲಿ ಸುಮಾರು 5 ಪಾಯಿಂಟ್ ಇಳಿಯುತ್ತದೆ, ಒಂದು ಮಾತ್ರೆಯಿಂದ ಸುಮಾರು 9. ಉಪ್ಪಿನಕಾಯಿ, ಹಪ್ಪಳ ಮೊದಲಿನ ಹಾಗೇ ತಿನ್ನುತ್ತಾ ಗ್ರೀನ್ ಟೀ ಕುಡಿದರೆ ಏನು ಪ್ರಯೋಜನ ಹೇಳಿ?

ನಮ್ಮ ಅಂಗಡಿಗೆ ವರ್ಷಗಳಿಂದ ಬರುವ ಯಜಮಾನರೊಬ್ಬರು ಇತ್ತೀಚೆಗೆ ಬಂದು, ‘ಈ ಸಲ ಮಾತ್ರೆ ಬೇಡಪ್ಪ, ಗ್ರೀನ್ ಟೀ ಡಬ್ಬ ಕೊಡು, ಪೇಪರ್‌ನಲ್ಲೇ ಬಂದಿದೆ’ ಅಂದರು. ಆಗಲೇ ಮಾತ್ರೆ ನಿಲ್ಲಿಸಿದ್ದರು. ಕೂರಿಸಿ, ಸ್ವಲ್ಪ ಹೊತ್ತು ಬಿಟ್ಟು ತೋಳಿಗೆ ಪಟ್ಟಿ ಕಟ್ಟಿ ನೋಡಿದರೆ 174/102. ‘ತಲೆನೋವಿಲ್ಲ, ಸುತ್ತಿಲ್ಲ, ಆರಾಮಾಗಿದ್ದೀನಲ್ಲ’ ಅಂತ ಅವರ ವಾದ. ಬಿಪಿಯ ತೊಂದರೆಯೇ ಅದು, ಸ್ಟ್ರೋಕ್ ಆಗುವವರೆಗೂ ಗೊತ್ತೇ ಆಗದೆ ಇರಬಹುದು. ಮಗನಿಗೆ ಫೋನ್ ಮಾಡಿ ಕರೆಸಿ, ಅವತ್ತೇ ಡಾಕ್ಟರ ಹತ್ತಿರ ಕಳಿಸಿದೆ. ಅವರನ್ನು ಬೈಯಲು ಮನಸ್ಸು ಬರಲಿಲ್ಲ. ಅಚ್ಚಾದದ್ದನ್ನು ನಂಬುವ ಜನ ಅವರು.

ಇನ್ನೂ ಕೆಲವು ಮಾತು ಆ ಬರಹದಲ್ಲಿ ಇರಬೇಕಿತ್ತು. ಬಿಪಿಗೆ ಕೊಡುವ ನಾಡೊಲಾಲ್ ಎಂಬ ಮಾತ್ರೆಯ ಜೊತೆ ಗ್ರೀನ್ ಟೀ ಕುಡಿಸಿ ಜಪಾನಿನಲ್ಲಿ ನೋಡಿದ್ದಾರೆ: ದಿನಕ್ಕೆ 700 ಮಿ.ಲೀ.ನಂತೆ ಎರಡು ವಾರ. ರಕ್ತ ಸೇರುವ ಔಷಧಿ ಶೇ 85ರಷ್ಟು ಕಡಿಮೆಯಾಯಿತು. ಎಲ್ಲ ಬಿಪಿ ಮಾತ್ರೆಗೂ ಹೀಗಾಗುತ್ತೆ ಅಂತಲ್ಲ, ಆದರೆ ಡಾಕ್ಟರಿಗೆ ಒಂದು ಮಾತು ಹೇಳಿರಬೇಕು. ರಕ್ತ ಹೆಪ್ಪುಗಟ್ಟದಿರಲಿ ಅಂತ ವಾರ್ಫರಿನ್ ತೆಗೆದುಕೊಳ್ಳುವವರೂ ಕೇಳಿಯೇ ಕುಡಿಯಬೇಕು. ರಕ್ತ ಕಡಿಮೆ ಇರುವ ಹೆಣ್ಣುಮಕ್ಕಳು ಊಟದ ಜೊತೆ ಕುಡಿಯಬಾರದು, ಸೊಪ್ಪು ಕಾಳಿನ ಕಬ್ಬಿಣಾಂಶ ಸರಿಯಾಗಿ ಮೈಗೆ ಹತ್ತುವುದಿಲ್ಲ. ತೂಕ ಇಳಿಸಲು ಮಾರುವ ಗ್ರೀನ್ ಟೀ ಕ್ಯಾಪ್ಸೂಲ್‌ಗಳ ಕಥೆ ಬೇರೆಯೇ. ದಿನಕ್ಕೆ 800 ಮಿ.ಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಇಜಿಸಿಜಿ ಹೀಗೆ ಒಳಗೆ ಹೋದರೆ ಲಿವರ್‌ಗೆ ತೊಂದರೆಯಾಗಬಹುದು ಅಂತ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲೇ ಎಚ್ಚರಿಸಿದೆ.

ಕುಡಿಯಲೇಬೇಡಿ ಅಂತ ನಾನು ಹೇಳುತ್ತಿಲ್ಲ. ಸಕ್ಕರೆ ಹಾಕದೆ ದಿನಕ್ಕೆ ಎರಡು ಮೂರು ಕಪ್ ಕುಡಿದರೆ ಸಾಮಾನ್ಯವಾಗಿ ಏನೂ ಆಗಲ್ಲ. ಅದರಲ್ಲೂ ಕೆಫೀನ್ ಇದೆ, ಆದರೆ ಕಾಫಿಗಿಂತ ಕಡಿಮೆ. ಸಂಜೆ ಒಂದು ಕಪ್ ಹಿಡಿದು ಹತ್ತು ನಿಮಿಷ ಸುಮ್ನೆ ಕೂತರೆ ಆ ಕೂರೋದರಿಂದಲೂ ಟೆನ್ಷನ್ ಇಳಿಯುತ್ತದೆ, ಅಲ್ವಾ?

ನನ್ನ ಕೋರಿಕೆ ಇಷ್ಟೇ. ಮುಂದಿನ ಭಾನುವಾರ ಅದೇ ಪುಟದಲ್ಲಿ, ಅಷ್ಟೇ ದಪ್ಪ ಅಕ್ಷರದಲ್ಲಿ, ‘ಡಾಕ್ಟರನ್ನು ಕೇಳದೆ ಬಿಪಿ ಮಾತ್ರೆ ನಿಲ್ಲಿಸಬೇಡಿ’ ಅಂತ ಹಾಕಿ. ಜೊತೆಗೆ ಆ 2 ಪಾಯಿಂಟ್ ಲೆಕ್ಕವನ್ನೂ ಕೊಡಿ.

ಇಂತಿ ನಿಮ್ಮ ಓದುಗ,
ಒಬ್ಬ ಫಾರ್ಮಸಿಸ್ಟ್, ಶಿವಮೊಗ್ಗ