ಲಡಾಖ್‌ನ ಹಾನ್ಲೆಯಲ್ಲಿ ರಾತ್ರಿ ಟೆಲಿಸ್ಕೋಪ್ ಕನ್ನಡಿ ಸರಿಮಾಡಿಕೊಟ್ಟವರಿಗೆ

ಕೆಂಪು ಟಾರ್ಚ್ ಹಿಡಿದು ಬಂದಿದ್ದಿರಿ. ಮುಖ ಸರಿಯಾಗಿ ಕಾಣಲಿಲ್ಲ, ಹೆಸರು ಕೇಳುವುದು ಮರೆತೇಹೋಯಿತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಲೇಹ್‌ನಿಂದ ಹಾನ್ಲೆವರೆಗಿನ ದಾರಿಯ ಕುಲುಕಾಟಕ್ಕೆ ನನ್ನ 8 ಇಂಚಿನ ಡಾಬ್ಸೋನಿಯನ್ ಟೆಲಿಸ್ಕೋಪ್‌ನ ಕನ್ನಡಿಗಳ ಹೊಂದಿಕೆ ತಪ್ಪಿತ್ತು. ಶನಿ ಗ್ರಹ ಬರೀ ಮಸುಕು ಉಂಡೆ. ಬೆಂಗಳೂರಿನಿಂದ ಅಷ್ಟು ದೂರ ಹೊತ್ತು ತಂದು ಹೀಗಾದರೆ ಅಳು ಬರುತ್ತೆ ಅಲ್ವಾ?

ನೀವು ಜಾಸ್ತಿ ಮಾತಾಡದೆ ಗ್ಲೌಸ್ ತೆಗೆದಿರಿ. ಆ ಚಳಿಯಲ್ಲಿ, ಬರಿಗೈಯಲ್ಲಿ! ಅಲೆನ್ ಕೀಗೆ ಬಾಯಿಂದ ಬಿಸಿ ಊದಿ, ಚಿಕ್ಕ ಕನ್ನಡಿಯ ಮೂರು ಸ್ಕ್ರೂಗಳನ್ನು ಕೂದಲೆಳೆಯಷ್ಟು ತಿರುಗಿಸಿದಿರಿ. ಆಮೇಲೆ ದೊಡ್ಡ ಕನ್ನಡಿ. ಒಂದು ನಕ್ಷತ್ರವನ್ನು ಬೇಕಂತಲೇ ಫೋಕಸ್ ತಪ್ಪಿಸಿ, ಉಂಗುರಗಳು ಒಂದರೊಳಗೊಂದು ನೆಟ್ಟಗೆ ಕೂರುವವರೆಗೂ ಬಿಡಲಿಲ್ಲ. ನಿಮ್ಮ ಟೆಲಿಸ್ಕೋಪ್ ಅಷ್ಟು ಹೊತ್ತೂ ಸುಮ್ನೆ ನಿಂತಿತ್ತು. ಗುಡ್ಡದ ಮೇಲಿನ 2 ಮೀಟರ್ ದೂರದರ್ಶಕವನ್ನು ನಮ್ಮ ಹೊಸಕೋಟೆಯಿಂದಲೇ ನಡೆಸುತ್ತಾರೆ ಅಂತ ಹೇಳಿದ್ದೂ ನೀವೇ.

ಆಮೇಲೆ ಎಂ33 ಕಂಡಿತು. ಸುಮಾರು 27 ಲಕ್ಷ ಜ್ಯೋತಿರ್ವರ್ಷ ದೂರದ ಗೆಲಾಕ್ಸಿ, ಅದರ ಸುರುಳಿ ತೋಳು ತೆಳ್ಳಗೆ, ಹೊಗೆಯ ಹಾಗೆ. ನಮ್ಮ ತಾರಸಿಯಿಂದ ಎಷ್ಟು ಸಲ ಹುಡುಕಿದ್ದೆ! ಒಮ್ಮೆಯೂ ಸಿಕ್ಕಿರಲಿಲ್ಲ.

ನಿಮ್ಮ ಕೈ ಬೆಚ್ಚಗಾಯಿತಾ ಅಂತ ಕೇಳಬೇಕಿತ್ತು. ಆ ಖುಷಿಯಲ್ಲಿ ಕೇಳಲಿಲ್ಲ. ತುಂಬಾ ತುಂಬಾ ಥ್ಯಾಂಕ್ಸ್.